ಕಾಫಿ ಮಾರುವಾಗ ಒಂದು 'ಓಟಿ'ಗೆ ಜಗಳ ಆಡುವವನು ಫಂಡಿನ ಖರ್ಚು ಕೇಳಲೇ ಇಲ್ಲ

ಬ್ಯಾಂಕಿನವರು ಹೇಳಿದರು ಅಂತ ಮ್ಯೂಚುವಲ್ ಫಂಡ್ ತಗೊಂಡವರು ಇದನ್ನ ಓದಿ. ಅದನ್ನ ಬಿಟ್ಟು ಖರ್ಚು ಕಮ್ಮಿ ಇರುವ ಇಂಡೆಕ್ಸ್ ಫಂಡ್‌ಗೆ ಹೋಗೋಣ ಅಂತ ತುದಿಗಾಲಲ್ಲಿ ನಿಂತವರು ಇನ್ನೂ ನಿಧಾನವಾಗಿ ಓದಿ. ನಾನು ಎರಡು ಸಲ ಪೆಟ್ಟು ತಿಂದಿದ್ದೇನೆ. ಒಳಗಿದ್ದಷ್ಟು ದಿನ ಒಂದು, ಹೊರಗೆ ಬರುವಾಗ ಇನ್ನೊಂದು. ಎರಡನೇದಕ್ಕೆ ಬೇರೆ ಯಾರನ್ನೂ ಬೈಯುವ ಹಾಗಿಲ್ಲ.

ನಾನು ಚಿಕ್ಕಮಗಳೂರಿನಲ್ಲಿ ಹೈಸ್ಕೂಲ್ ಗಣಿತದ ಮೇಷ್ಟ್ರು. ಆಲ್ದೂರಿನ ಹತ್ತಿರ ಅಪ್ಪ ಬಿಟ್ಟುಹೋದ ಮೂರು ಎಕರೆ ರೋಬಸ್ಟಾ ತೋಟ ಇದೆ, ನೆರಳು ಮರಗಳಿಗೆ ಮೆಣಸಿನ ಬಳ್ಳಿ. 2015ರಲ್ಲಿ ಮೆಣಸಿಗೆ ಕೆಜಿಗೆ 600 ರೂಪಾಯಿ ಮೇಲೆ ಇತ್ತು. ಆ ದುಡ್ಡು ಹಿಡ್ಕೊಂಡು ಪೇಟೆಯ ಬ್ಯಾಂಕಿಗೆ ಎಫ್‌ಡಿ ಮಾಡಿಸಲು ಹೋದೆ. ಒಳಗೆ ಟೈ ಕಟ್ಟಿಕೊಂಡು ಕೂತಿದ್ದವನು ನನ್ನ ಹಳೇ ವಿದ್ಯಾರ್ಥಿ. ಎದ್ದು ನಿಂತ, ಕಾಫಿ ತರಿಸಿದ. "ಸಾರ್, ಎಫ್‌ಡಿಯಲ್ಲಿ ಏನಿದೆ ಸಾರ್?" ಅಂದ. ಅಲ್ಲಿಗೆ ಮುಗೀತು. ಶಿಷ್ಯನ ಹತ್ತಿರ ಗುರು ಹೇಗೆ ಅನುಮಾನ ಪಡೋದು? ಅವನು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ.

ಆಮೇಲೆ ಸಂಬಳದಿಂದ ಎಸ್‌ಐಪಿ, ಅಂದರೆ ತಿಂಗಳಿಗಿಷ್ಟು ಅಂತ ಫಂಡಿಗೆ ಹಾಕುವ ಕಂತು. ಕಾಫಿ ದುಡ್ಡು ಬಂದಾಗೆಲ್ಲ ಒಂದಿಷ್ಟು ಗಂಟು. ಎರಡು ಮೂರು ವರ್ಷಕ್ಕೊಮ್ಮೆ ಫೋನು ಬರುತ್ತಿತ್ತು. "ಸಾರ್, ಆ ಫಂಡ್ ಸ್ವಲ್ಪ ಮಂಕಾಗಿದೆ. ಹೊಸದೊಂದು ಬಂದಿದೆ, ಯೂನಿಟ್ ಬರೀ 10 ರೂಪಾಯಿ." 10 ರೂಪಾಯಿ ಅಂದರೆ ಅಗ್ಗ ಅಂತ ನಾನೂ ನಂಬಿದ್ದೆ. ಗಣಿತದ ಮೇಷ್ಟ್ರು ನಂಬಿದ್ದು, ನೆನಪಿರಲಿ. 10 ರೂಪಾಯಿಯ ಹತ್ತು ಸಾವಿರ ಯೂನಿಟ್ ತಗೊಂಡರೂ 500 ರೂಪಾಯಿಯ ಇನ್ನೂರು ಯೂನಿಟ್ ತಗೊಂಡರೂ ಒಂದು ಲಕ್ಷ ಒಂದು ಲಕ್ಷವೇ. ಒಳಗಿನ ಷೇರು ಹತ್ತು ಪರ್ಸೆಂಟ್ ಏರಿದರೆ ಎರಡೂ ಹತ್ತು ಪರ್ಸೆಂಟೇ ಏರುತ್ತವೆ. ಇದು ಏಳನೇ ಕ್ಲಾಸಿನ ಲೆಕ್ಕ. ಹೀಗೇ ಬದಲಾಯಿಸಿ ಬದಲಾಯಿಸಿ ಏಳು ಫಂಡ್ ಆಗಿದ್ದವು. ಹೆಸರು ಕೇಳಿದರೆ ಈಗಲೂ ನಾಲ್ಕು ಹೇಳಬಲ್ಲೆ, ಅಷ್ಟೇ.

2024ರ ಗೌರಿ ಹಬ್ಬಕ್ಕೆ ಅಕ್ಕ ತವರಿಗೆ ಬಂದಿದ್ದಳು, ಜೊತೆಗೆ ಅವಳ ಮಗಳು. ಹುಡುಗಿ ಬೆಂಗಳೂರಿನಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದಾಳೆ. ಊಟ ಆದ ಮೇಲೆ ಜಗಲಿಯಲ್ಲಿ ಕೂತು ಅದೂ ಇದೂ ಮಾತಾಡುವಾಗ ನಾನು ಸ್ವಲ್ಪ ಜಂಬದಿಂದಲೇ ಫಂಡಿನ ವಿಷಯ ಎತ್ತಿದೆ. ಹತ್ತಿರ ಹತ್ತಿರ 12 ಲಕ್ಷ ಆಗಿದೆ ಅಂದೆ. ಅವಳು ನನ್ನ ಫೋನ್ ಇಸ್ಕೊಂಡು ಈಮೇಲ್‌ನಲ್ಲಿ ಹುಡುಕಿದಳು. ಏಪ್ರಿಲ್‌ನಲ್ಲಿ ಬಂದಿದ್ದ ಒಂದು ಸ್ಟೇಟ್‌ಮೆಂಟ್ ತೆರೆಯದೇ ಬಿದ್ದಿತ್ತು. ಪಾಸ್‌ವರ್ಡ್‌ಗೆ ಪ್ಯಾನ್ ನಂಬರ್ ಕೇಳಿ ಒತ್ತಿದಳು.

"ಮಾವ, ಇದನ್ನ ಯಾವತ್ತಾದ್ರೂ ಕೊನೇವರೆಗೂ ಓದಿದ್ದೀರಾ?"

ಓದಿರಲಿಲ್ಲ. ಕೊನೇ ಪುಟಗಳ ಕಡೆ ಸಣ್ಣ ಅಕ್ಷರದ ಒಂದು ಪಟ್ಟಿ. ಒಂದೊಂದು ಫಂಡಿನ ಮುಂದೆ ಅದರ ವಾರ್ಷಿಕ ಖರ್ಚು ಎಷ್ಟು ಪರ್ಸೆಂಟ್, ಪಕ್ಕದಲ್ಲಿ ಮಾರಿದವರಿಗೆ ಆ ಆರು ತಿಂಗಳಲ್ಲಿ ಹೋದ ಕಮಿಷನ್ ಎಷ್ಟು ರೂಪಾಯಿ. ಎಲ್ಲಾ ಕೂಡಿಸಿದಳು. ಆರು ತಿಂಗಳಿಗೆ 5,840 ರೂಪಾಯಿ. ಅದು ಬರೀ ಬ್ಯಾಂಕಿನ ಪಾಲು. ಫಂಡಿನವರ ಖರ್ಚೂ ಸೇರಿದರೆ ನನ್ನವು ಸರಾಸರಿ 2.1 ಪರ್ಸೆಂಟ್ ಬೀಳುತ್ತಿದ್ದವು. 12 ಲಕ್ಷಕ್ಕೆ ವರ್ಷಕ್ಕೆ 25,200 ರೂಪಾಯಿ. ದಿನಕ್ಕೆ 69. ಭಾನುವಾರವೂ ಉಂಟು, ಹಬ್ಬಕ್ಕೂ ರಜೆ ಇಲ್ಲ. ಫಂಡ್ ಏರಿದ ವರ್ಷವೂ ಅಷ್ಟೇ, ಇಳಿದ ವರ್ಷವೂ ಅಷ್ಟೇ.

ಇದಕ್ಕೆ ಬಿಲ್ಲು ಬರಲ್ಲ. ಅಕೌಂಟ್‌ನಿಂದ ಕಟ್ ಆಯಿತು ಅಂತ ಮೆಸೇಜೂ ಬರಲ್ಲ. ದಿನದಿನದ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ಬೆಲೆ, ಲೆಕ್ಕ ಹಾಕುವಾಗಲೇ ತೆಗೆದುಬಿಟ್ಟಿರುತ್ತಾರೆ. ನಮಗೆ ಕಾಣುವುದು ತೆಗೆದು ಉಳಿದದ್ದು.

ನನಗೆ ಅವತ್ತು ಹೊಟ್ಟೆ ಉರಿದದ್ದು ದುಡ್ಡಿಗಲ್ಲ. ತೋಟದ ಕಾಫಿ ಮಾರುವಾಗ ನಾನು ಹೇಗಿರುತ್ತೇನೆ ಅಂತ ನೆನಪಾಯಿತು. ಬೆಳೆಗಾರರಿಗೆ ಗೊತ್ತು, ಬೇರೆಯವರಿಗೆ ಹೇಳುತ್ತೇನೆ. 50 ಕೆಜಿ ಚೆರ್ರಿ ಚೀಲದಿಂದ ಸಿಪ್ಪೆ ತೆಗೆದರೆ ಎಷ್ಟು ಕೆಜಿ ಬೀಜ ಬರುತ್ತದೋ ಅದು ಓಟಿ (ಔಟ್‌ಟರ್ನ್). ವ್ಯಾಪಾರಿ ಸ್ಯಾಂಪಲ್ ತೆಗೆದು ಚಿಕ್ಕ ಮಿಷಿನ್ನಿಗೆ ಹಾಕಿ, ಸಿಪ್ಪೆ ಊದಿ, ಬೀಜ ತೂಗಿ "26" ಅನ್ನುತ್ತಾನೆ. ನಾನು "27 ಇದೆ, ಇನ್ನೊಂದು ಚೀಲದಿಂದ ತೆಗಿ" ಅನ್ನುತ್ತೇನೆ. ತಕ್ಕಡಿಯ ತಟ್ಟೆಯಲ್ಲಿ ಸಿಪ್ಪೆ ಅಂಟಿದೆಯಾ ಅಂತ ಬೆರಳಲ್ಲಿ ಒರೆಸಿ ನೋಡುತ್ತೇನೆ. ಮಾಯಿಶ್ಚರ್ ಮೀಟರ್ ಎರಡು ಸಲ ಹಿಡಿಸುತ್ತೇನೆ. ಓಟಿಗೆ 350 ರೂಪಾಯಿ ಇದ್ದರೆ, ಒಂದು ಓಟಿ ಕಮ್ಮಿಯಾದರೆ ನನ್ನ 40 ಚೀಲಕ್ಕೆ 14 ಸಾವಿರ ಹೋಯಿತು. ಅದಕ್ಕೆ ಅರ್ಧ ದಿನ ನಿಂತು ಜಗಳ ಆಡುವ ಮನುಷ್ಯ ವರ್ಷ ವರ್ಷ ಹತ್ತಿರ ಹತ್ತಿರ ಎರಡು ಓಟಿ ಕೊಟ್ಟು, ಮೇಲಿಂದ ಬ್ಯಾಂಕಿನ ಶಿಷ್ಯನ ಕಾಫಿ ಕುಡಿದು ಥ್ಯಾಂಕ್ಸ್ ಹೇಳಿ ಬರುತ್ತಿದ್ದೆ.

ಆ ಹುಡುಗ ಮೋಸಗಾರ ಅಂತ ನಾನು ಹೇಳುತ್ತಿಲ್ಲ. ಕಾನೂನು ಪ್ರಕಾರ ಕೊಡುವ ಕಮಿಷನ್ ಅದು, ತಿಂಗಳಿಗಿಷ್ಟು ಮಾರಲೇಬೇಕು ಅಂತ ಅವನ ತಲೆ ಮೇಲೂ ಒಬ್ಬ ಕೂತಿದ್ದ. ಹೊಸ ಹೊಸ ಫಂಡ್ ಯಾಕೆ ತೋರಿಸುತ್ತಿದ್ದ ಅನ್ನುವುದೂ ಆಮೇಲೆ ಅರ್ಥವಾಯಿತು. 2019ರ ಏಪ್ರಿಲ್‌ನಿಂದ ನಾನು ಹೊರಬರುವವರೆಗೂ ಇದ್ದ ಸೆಬಿ (ಷೇರುಪೇಟೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ನಿಯಮದಲ್ಲಿ ಷೇರು ಫಂಡಿನ ಮೊದಲ 500 ಕೋಟಿಗೆ 2.25 ಪರ್ಸೆಂಟ್‌ವರೆಗೆ ಖರ್ಚು ಹಾಕಬಹುದಿತ್ತು. ಫಂಡ್ ದೊಡ್ಡದಾದಂತೆ ಮಿತಿ ಇಳಿಯುತ್ತಿತ್ತು. ಇಂಡೆಕ್ಸ್ ಫಂಡ್‌ಗೆ ಮಿತಿಯೇ 1 ಪರ್ಸೆಂಟ್ ಇತ್ತು. ಅಂದಮೇಲೆ ಹಳೇ ದೊಡ್ಡ ಫಂಡಿಗಿಂತ ಹೊಸ ಚಿಕ್ಕ ಫಂಡಿನಲ್ಲಿ ಹಂಚಿಕೊಳ್ಳಲು ಜಾಸ್ತಿ. ನನಗೆ ಇಂಡೆಕ್ಸ್ ಫಂಡ್ ಅನ್ನುವ ಶಬ್ದವನ್ನೇ ಒಂಬತ್ತು ವರ್ಷದಲ್ಲಿ ಅವನು ಹೇಳಿರಲಿಲ್ಲ, ಅದರಲ್ಲಿ ಏನು ಆಶ್ಚರ್ಯ?

ಇಂಡೆಕ್ಸ್ ಫಂಡ್ ಅಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ನಿಫ್ಟಿ 50 ಪಟ್ಟಿಯಲ್ಲಿರುವ ರಿಲಯನ್ಸ್, ಇನ್ಫೋಸಿಸ್, ಎಚ್‌ಡಿಎಫ್‌ಸಿ ಬ್ಯಾಂಕ್ ತರಹದ ಐವತ್ತು ಕಂಪನಿಗಳನ್ನ, ಪಟ್ಟಿಯಲ್ಲಿ ಯಾವುದಕ್ಕೆ ಎಷ್ಟು ತೂಕವೋ ಅಷ್ಟೇ ತೂಕದಲ್ಲಿ ಕೊಂಡಿಡುವುದು. ವರ್ಷಕ್ಕೆ ಎರಡು ಸಲ ಪಟ್ಟಿ ಪರಿಷ್ಕರಣೆ ಆದಾಗ ಇವರೂ ಬದಲಾಯಿಸುತ್ತಾರೆ. ಯಾವ ಷೇರು ಏರುತ್ತೆ ಅಂತ ತಲೆ ಓಡಿಸುವ ಮ್ಯಾನೇಜರ್ ಬೇಕಿಲ್ಲ, ಹಾಗಾಗಿ ಖರ್ಚು ಕಮ್ಮಿ. 1976ರಲ್ಲಿ ಅಮೆರಿಕದಲ್ಲಿ ಜಾನ್ ಬೋಗಲ್ ಅನ್ನುವವರು ಜನಸಾಮಾನ್ಯರಿಗಾಗಿ ಇಂಥದ್ದನ್ನ ಶುರು ಮಾಡಿದಾಗ ಉಳಿದವರು ನಕ್ಕಿದ್ದರಂತೆ. ನಾನು ತಗೊಂಡದ್ದರ ಖರ್ಚು 0.2 ಪರ್ಸೆಂಟ್. 12 ಲಕ್ಷಕ್ಕೆ ವರ್ಷಕ್ಕೆ 2,400.

ರಾತ್ರಿ ಕೂತು ನಾನೇ ಲೆಕ್ಕ ಹಾಕಿದೆ. 10 ಲಕ್ಷ, 20 ವರ್ಷ, ಖರ್ಚಿಗೆ ಮುಂಚೆ ವರ್ಷಕ್ಕೆ 12 ಪರ್ಸೆಂಟ್ ಅಂತ ಸುಮ್ನೆ ಇಟ್ಟುಕೊಳ್ಳಿ. 2 ಪರ್ಸೆಂಟ್ ಖರ್ಚು ಹೋದರೆ ಸುಮಾರು 67 ಲಕ್ಷ. 0.2 ಹೋದರೆ ಸುಮಾರು 93 ಲಕ್ಷ. ಚಕ್ರಬಡ್ಡಿ ಎರಡು ಕಡೆಗೂ ತಿರುಗುತ್ತೆ ಅಂತ ಮಕ್ಕಳಿಗೆ ಎಷ್ಟು ವರ್ಷದಿಂದ ಹೇಳಿಕೊಡುತ್ತಿದ್ದೇನೋ!

ಈಗ ನನ್ನ ದಡ್ಡತನಕ್ಕೆ ಬರೋಣ.

ಸಿಟ್ಟು ಬಂದಿತ್ತು. ಒಂದು ದಿನವೂ ಇರಬಾರದು ಅನ್ನಿಸಿತ್ತು. ಅಕ್ಕನ ಮಗಳು ಹೊರಡುವಾಗ "ಮಾವ, ಎಲ್ಲಾ ಒಟ್ಟಿಗೆ ಮಾರಬೇಡಿ, ನಾನು ನೋಡಿ ಹೇಳ್ತೀನಿ" ಅಂದಿದ್ದಳು. ಕೇಳಬೇಕಲ್ಲ? ಸೆಪ್ಟೆಂಬರ್ ಕೊನೇ ವಾರ ಏಳರಲ್ಲಿ ಆರು ಫಂಡನ್ನ ಒಂದೇ ದಿನ ಮಾರಿಬಿಟ್ಟೆ. ಏಳನೇದು ತೆರಿಗೆ ಉಳಿಸುವ ಇಎಲ್‌ಎಸ್‌ಎಸ್. ಅದಕ್ಕೆ ಮೂರು ವರ್ಷ ಬೀಗ, ಎಸ್‌ಐಪಿ ಆದರೆ ಒಂದೊಂದು ಕಂತಿಗೂ ಬೇರೆ ಬೇರೆ ಮೂರು ವರ್ಷ. ಬೀಗ ಇದ್ದದ್ದೇ ಒಳ್ಳೇದಾಯಿತು, ಇಲ್ಲದಿದ್ದರೆ ಅದನ್ನೂ ಮಾರುತ್ತಿದ್ದೆ.

ಬಿದ್ದ ಪೆಟ್ಟು ಕೇಳಿ. ಅದೇ ಜನವರಿಯಲ್ಲಿ ಹಾಕಿಸಿದ್ದ 3 ಲಕ್ಷ 3.6 ಲಕ್ಷ ಆಗಿತ್ತು. ವರ್ಷ ತುಂಬಿರಲಿಲ್ಲ ಅಂತ 1 ಪರ್ಸೆಂಟ್ ಎಕ್ಸಿಟ್ ಲೋಡ್, 3,600. ಉಳಿದ 56,400 ಲಾಭಕ್ಕೆ 20 ಪರ್ಸೆಂಟ್ ತೆರಿಗೆ, 11,280. ಆ ವರ್ಷ ಜುಲೈ 23ಕ್ಕೆ ಮುಂಚೆ ಇದು 15 ಪರ್ಸೆಂಟ್ ಇತ್ತು. ಉಳಿದ ಐದು ಫಂಡಿನಲ್ಲಿ ವರ್ಷ ದಾಟಿದ ಲಾಭ 3.9 ಲಕ್ಷ. ಅದರಲ್ಲಿ 1.25 ಲಕ್ಷ ಬಿಟ್ಟು 2.65 ಲಕ್ಷಕ್ಕೆ 12.5 ಪರ್ಸೆಂಟ್, 33,125. ಮೇಲೆ 4 ಪರ್ಸೆಂಟ್ ಸೆಸ್. ಎಲ್ಲಾ ಸೇರಿ 49,781 ರೂಪಾಯಿ. ಅಡ್ವಾನ್ಸ್ ಟ್ಯಾಕ್ಸ್ ಕಟ್ಟಬೇಕು ಅಂತ ಗೊತ್ತಿರಲಿಲ್ಲ, ಅದರ ಬಡ್ಡಿ ಬೇರೆ. ವರ್ಷಕ್ಕೆ 22,800 ಉಳಿಸೋಕೆ ಹೋಗಿ ಎರಡು ವರ್ಷದ ಉಳಿತಾಯಕ್ಕಿಂತ ಜಾಸ್ತಿ ಒಂದೇ ಏಟಿಗೆ ಕೊಟ್ಟೆ.

ಸುಮ್ನೆ ನಾಲ್ಕು ತಿಂಗಳು ಕಾದಿದ್ದರೆ ಜನವರಿಯ ಗಂಟಿಗೆ ವರ್ಷ ತುಂಬುತ್ತಿತ್ತು. ಎಕ್ಸಿಟ್ ಲೋಡೂ ಇಲ್ಲ, 20 ಪರ್ಸೆಂಟೂ ಇಲ್ಲ. ಹಳೇದರಲ್ಲಿ 1.25 ಲಕ್ಷ ಲಾಭ ಬರುವಷ್ಟನ್ನ ಮಾರ್ಚ್‌ನಲ್ಲಿ, ಇನ್ನಷ್ಟನ್ನ ಏಪ್ರಿಲ್‌ನಲ್ಲಿ ಮಾರಿದ್ದರೆ ಹಣಕಾಸು ವರ್ಷ ಎರಡಾಗುತ್ತಿತ್ತು, ಎರಡೂವರೆ ಲಕ್ಷಕ್ಕೆ ತೆರಿಗೆಯೇ ಬೀಳುತ್ತಿರಲಿಲ್ಲ. ಹೊಸ ಎಸ್‌ಐಪಿ ಮಾತ್ರ ಅವತ್ತೇ ಇಂಡೆಕ್ಸ್‌ಗೆ ತಿರುಗಿಸಬೇಕಿತ್ತು, ಅದಕ್ಕೆ ಯಾವ ತೆರಿಗೆಯೂ ಇಲ್ಲ. ಹಾಗಂತ ಪೈಸೆ ತೆರಿಗೆ ಕಟ್ಟಬಾರದು ಅಂತ ಐದಾರು ವರ್ಷ ಎಳೆಯುವುದೂ ಸರಿಯಲ್ಲ. ಅಷ್ಟರಲ್ಲಿ ಖರ್ಚು ಅದಕ್ಕಿಂತ ಜಾಸ್ತಿ ತಿಂದಿರುತ್ತೆ.

ಇನ್ನೊಂದು. "ಸ್ವಿಚ್" ಅನ್ನುವ ಶಬ್ದ ನಂಬಬೇಡಿ. ಅದೇ ಕಂಪನಿಯ ಅದೇ ಫಂಡಿನಲ್ಲಿ ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋದರೂ ತೆರಿಗೆಯವರ ಲೆಕ್ಕದಲ್ಲಿ ಅದು ಮಾರಿ ಕೊಂಡ ಹಾಗೆ. ದುಡ್ಡು ನಿಮ್ಮ ಕೈಗೆ ಬರದಿದ್ದರೂ ತೆರಿಗೆ ಬರುತ್ತೆ.

ರೆಗ್ಯುಲರ್, ಡೈರೆಕ್ಟ್ ಅಂದೆನಲ್ಲ, ಅದರಲ್ಲೂ ಒಂದು ಕಥೆ ಇದೆ. 2013ರ ಜನವರಿಯಿಂದ ಪ್ರತಿ ಫಂಡಿಗೂ ಎರಡು ಬಾಗಿಲು. ನಡುವೆ ಯಾರಾದರೂ ಇದ್ದರೆ ರೆಗ್ಯುಲರ್, ನಾವೇ ನೇರ ತಗೊಂಡರೆ ಡೈರೆಕ್ಟ್. ಒಳಗಿನ ಸರಕು ಒಂದೇ. ನಾನು ಎಲ್ಲಾ ಮಾರಿದ್ದು ನೋಡಿ ಶಿಷ್ಯ ಮನೆಗೇ ಬಂದ, ಹಣ್ಣು ಹಿಡ್ಕೊಂಡು. "ಇಂಡೆಕ್ಸ್ ನಮ್ಮಲ್ಲೂ ಇದೆ ಸಾರ್, ಮೇಡಂ ಹೆಸರಲ್ಲಿ ಒಂದು ಮಾಡಿ" ಅಂದ. ದಾಕ್ಷಿಣ್ಯ! ಮನೆ ಬಾಗಿಲಿಗೆ ಬಂದ ಹುಡುಗನಿಗೆ ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹೆಂಡತಿಯ 2 ಲಕ್ಷ ಹೋಯಿತು. ಸ್ಟೇಟ್‌ಮೆಂಟ್ ಬಂದಾಗ ನೋಡಿದರೆ ಹೆಸರಿನ ತುದಿಯಲ್ಲಿ "ರೆಗ್ಯುಲರ್", ಅಡ್ವೈಸರ್ ಜಾಗದಲ್ಲಿ ಬ್ಯಾಂಕಿನ ಎಆರ್‌ಎನ್ ನಂಬರ್, ಅಂದರೆ ಫಂಡ್ ಮಾರುವವರ ನೋಂದಣಿ ಸಂಖ್ಯೆ. ಖರ್ಚು 0.6. ನನ್ನದರ ಮೂರು ಪಟ್ಟು. ವರ್ಷಕ್ಕೆ 800 ರೂಪಾಯಿ ಜಾಸ್ತಿ, ದೊಡ್ಡ ಮೊತ್ತ ಏನಲ್ಲ. ಆದರೆ ಎರಡೂ ತಗೊಳ್ಳುವುದು ಅದೇ ಐವತ್ತು ಷೇರು. ಎಕ್ಸ್ಟ್ರಾ ಕೊಟ್ಟು ಏನು ಸಿಕ್ಕಿತು? ಅರ್ಧ ಡಜನ್ ಸೇಬು.

ಹಾಗೇ, ಇಂಡೆಕ್ಸ್ ಅನ್ನುವ ಹೆಸರು ಇದ್ದರೆ ಸಾಕು ಅಂದುಕೊಳ್ಳಬೇಡಿ. ಈಗ ಒಂದೊಂದು ಉದ್ಯಮಕ್ಕೂ, ಒಂದೊಂದು ಗಾಳಿಗೂ ಒಂದು ಇಂಡೆಕ್ಸ್ ಮಾಡಿ ಮಾರುತ್ತಾರೆ. ನಾನು ನಿಫ್ಟಿ 50 ಬಿಟ್ಟು ಬೇರೆ ಕಡೆ ನೋಡಲಿಲ್ಲ.

ಅದೂ ಬಿತ್ತು, ಗೊತ್ತಾ? ಮಾರಿದ ದುಡ್ಡನ್ನ ತಕ್ಷಣ ಹಾಕಿದ್ದೆ. 2024ರ ಸೆಪ್ಟೆಂಬರ್ 26ಕ್ಕೆ ನಿಫ್ಟಿ 26,216ಕ್ಕೆ ಮುಗಿದಿತ್ತು. 2025ರ ಮಾರ್ಚ್ 4ಕ್ಕೆ 22,082. ಹತ್ತಿರ ಹತ್ತಿರ 16 ಪರ್ಸೆಂಟ್ ಇಳಿತ. ಶಿಷ್ಯನ ಫೋನು ಬಂತು, "ನೋಡಿದ್ರಾ ಸಾರ್, ನಾನು ಹೇಳಿದ್ನಲ್ಲ." ಮನೆಯವಳು ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಒಂದು ರಾತ್ರಿ ಮಾರುವ ಬಟನ್ ತನಕ ಹೋಗಿದ್ದೆ. ಆಮೇಲೆ ಹಳೇ ಆರು ಫಂಡಿನ ಎನ್‌ಎವಿ ತೆಗೆದು ನೋಡಿದೆ. ಅವೂ ಬಿದ್ದಿದ್ದವು, ಎರಡು ಇನ್ನೂ ಜಾಸ್ತಿ ಬಿದ್ದಿದ್ದವು. ಷೇರಿನಿಂದ ಷೇರಿಗೆ ಹೋದವನು ನಾನು, ಮೇಲಿನ ರೇಟಿಗೆ ಕೊಂಡೆ ಅಂದರೆ ಮೇಲಿನ ರೇಟಿಗೇ ಮಾರಿದ್ದೆ ಕೂಡ. 2020ರಲ್ಲಿ ಕೊರೊನಾ ಬಂದಾಗ ಇದೇ ನಿಫ್ಟಿ ಎರಡೂವರೆ ತಿಂಗಳೊಳಗೆ 38 ಪರ್ಸೆಂಟ್ ಬಿದ್ದಿತ್ತು. ಖರ್ಚು ಕಮ್ಮಿ ಆಗುತ್ತೆ, ಬೀಳುವುದು ಕಮ್ಮಿ ಆಗಲ್ಲ. ಮಗಳ ಮದುವೆಗೆ ಮುಂದಿನ ವರ್ಷ ಬೇಕಾದ ದುಡ್ಡನ್ನ ಇದರಲ್ಲಿ ಇಡಬೇಡಿ.

ನಿಮ್ಮ ಈಮೇಲ್‌ನಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ ಬರುವ ಸ್ಟೇಟ್‌ಮೆಂಟ್ ಹುಡುಕಿ. ಮುಂದಿನ ಪುಟದ ಒಟ್ಟು ಮೊತ್ತ ನೋಡಿ ಖುಷಿಪಟ್ಟು ಮುಚ್ಚಬೇಡಿ, ಕಮಿಷನ್ ಪಟ್ಟಿ ಕೊನೇ ಕಡೆ ಇರುತ್ತೆ.

ಹೆಂಡತಿಯ 2 ಲಕ್ಷಕ್ಕೆ ಕಳೆದ ಅಕ್ಟೋಬರ್‌ನಲ್ಲಿ ವರ್ಷ ತುಂಬಿತು. ಲಾಭ 1.25 ಲಕ್ಷದ ಹತ್ತಿರಕ್ಕೂ ಬಂದಿರಲಿಲ್ಲ, ಹಾಗಾಗಿ ಪೈಸೆ ತೆರಿಗೆ ಇಲ್ಲದೆ ಡೈರೆಕ್ಟ್‌ಗೆ ತಂದೆವು. ಈ ಸಲ ಅಕ್ಕನ ಮಗಳಿಗೆ ಫೋನ್ ಮಾಡಿ ಕೇಳಿಯೇ ಮಾಡಿದ್ದು. ಶಿಷ್ಯನಿಗೆ ವಿಷಯ ತಿಳಿದಿದೆ. ಮೊನ್ನೆ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕಿದ. ನಮಸ್ಕಾರ ಹೇಳಿದ, ತೋಟದಲ್ಲಿ ಹೂ ಮಳೆ ಆಯಿತಾ ಅಂತ ಕೇಳಿದ. ಫಂಡಿನ ಮಾತು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.