ಹೈಸ್ಕೂಲ್ ಮಕ್ಕಳ ಕೈಗೆ ಕೊಟ್ಟ ಸಲಕರಣೆ: ಯಾವುದು ಬಾಳಿತು, ಯಾವುದು ದಂಡ

ನಾನು ಮಂಡ್ಯ ಜಿಲ್ಲೆಯ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಹಳೆ ವಿದ್ಯಾರ್ಥಿಗಳು ಕೊಟ್ಟ ದುಡ್ಡಲ್ಲಿ ಒಂಬತ್ತನೇ ತರಗತಿಯ ಕೈಕೆಲಸಕ್ಕೆ ಸಲಕರಣೆ ತಂದೆವು. ಒಂದಷ್ಟು ಆನ್‌ಲೈನ್, ಉಳಿದದ್ದು ಮೈಸೂರಿನ ಹಾರ್ಡ್‌ವೇರ್ ಅಂಗಡಿಯಿಂದ. ಬೇರೆ ಶಾಲೆಯವರೂ ಕೇಳುತ್ತಿದ್ದಾರೆ, ಅದಕ್ಕೇ ಬರೆದಿದ್ದೇನೆ.

ಮೊದಲು ದಂಡ ಆದದ್ದು. ಸೂಟ್‌ಕೇಸಿನಲ್ಲಿ ನೂರಕ್ಕೂ ಜಾಸ್ತಿ ಪೀಸ್ ತುಂಬಿರುವ ಟೂಲ್ ಕಿಟ್. ಕಮಿಟಿಯವರಿಗೆ ಅದೇ ಇಷ್ಟ, ಫೋಟೋದಲ್ಲಿ ಚೆನ್ನಾಗಿ ಕಾಣುತ್ತೆ ಅಲ್ವಾ! ಸ್ಕ್ರೂಡ್ರೈವರ್ ತುದಿ ಬೇಗ ಸವೆಯಿತು. ಸುತ್ತಿಗೆಯ ತಲೆ ಹಿಡಿಯಲ್ಲೇ ಅಲ್ಲಾಡತೊಡಗಿತು. ಮಕ್ಕಳಿರುವ ಕಡೆ ಅದು ಹಾರಿದರೆ ಏನು ಗತಿ? ಈಗ ಆ ಪೆಟ್ಟಿಗೆಯಲ್ಲಿ ಮೊಳೆ ಇಟ್ಟಿದ್ದೇವೆ.

ಒಳ್ಳೆಯದು ಅಂದರೆ ಮೇಜಿಗೆ ಬಿಗಿದು ಕೂರಿಸುವ ನಾಲ್ಕಿಂಚಿನ ಬೀಡು ಕಬ್ಬಿಣದ ಇಕ್ಕಳ, ಅಂದರೆ ಬೆಂಚ್ ವೈಸ್. ಮರವನ್ನೋ ಪೈಪನ್ನೋ ಅದು ಗಟ್ಟಿಯಾಗಿ ಹಿಡಿದುಕೊಂಡರೆ ಅರ್ಧ ಗಾಯ ತಪ್ಪಿತು. ಹಗುರ ಮೇಜಿಗೆ ಮಾತ್ರ ಕೂರಿಸಬೇಡಿ. ತಪಾರಿಯಾ ಕಂಪನಿಯ ಹ್ಯಾಕ್ಸಾ (ಲೋಹ ಕೊಯ್ಯುವ ಗರಗಸ) ಫ್ರೇಮ್ ಕೂಡ ಚೆನ್ನಾಗಿದೆ. ಬ್ಲೇಡ್ ಕೊಳ್ಳುವಾಗ ಇಂಚಿಗೆ ಎಷ್ಟು ಹಲ್ಲು ನೋಡಿ. ದಪ್ಪ ಸರಳಿಗೆ 18, ತೆಳು ಪೈಪಿಗೆ 24. 24 ಹಲ್ಲಿನದಾದರೆ, ಒಂದು ಇಂಚನ್ನು 24ರಿಂದ ಭಾಗಿಸಿ, ಹಲ್ಲಿಗೂ ಹಲ್ಲಿಗೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಲೋಹದ ಮೇಲೆ ಒಂದೇ ಸಲಕ್ಕೆ ಎರಡು ಹಲ್ಲಾದರೂ ಕೂರಬೇಕು, ಇಲ್ಲದಿದ್ದರೆ ಸಿಕ್ಕಿಕೊಂಡು ಮುರಿಯುತ್ತವೆ. ಈ ಭಾಗಾಕಾರವನ್ನು ಬೋರ್ಡಿನ ಮೇಲೆ ಹಾಕಿದ್ದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಬ್ಲೇಡ್ ಮುರಿದ ಹುಡುಗ ತಾನೇ ಲೆಕ್ಕ ಮಾಡಿದ.

ಉಳಿಯ ವಿಷಯ ಬೇರೆ. ಹೊಸ ಉಳಿ ಡಬ್ಬಿಯಿಂದ ತೆಗೆದಾಗ ಸಾಕಷ್ಟು ಹರಿತ ಇರುವುದಿಲ್ಲ. ಮೊಂಡು ಉಳಿಯೇ ಜಾಸ್ತಿ ಅಪಾಯ. ಜೋರಾಗಿ ಒತ್ತಬೇಕಾಗುತ್ತದೆ, ಆಗ ಜಾರುತ್ತದೆ. ಹಾಗಾಗಿ ಸಾಣೆಕಲ್ಲು ಇಲ್ಲದೆ ಉಳಿ ತರಬೇಡಿ. ಊರಿನ ಆಚಾರಿಯೊಬ್ಬರು ಶನಿವಾರ ಬಂದು ಸಾಣೆ ಹಿಡಿಯುವುದನ್ನು ಕಲಿಸುತ್ತಾರೆ. "ಮೇಷ್ಟ್ರೇ, ಹುಡುಗ್ರು ಮೊದ್ಲು ಕಲ್ಲು ಮುಟ್ಲಿ, ಮರ ಆಮೇಲೆ" ಅಂದಿದ್ದರು. ಅವರಿಗೆ ಕೂಲಿ ಕೊಡುತ್ತೇವೆ. ಇಡೀ ಖರ್ಚಿನಲ್ಲಿ ಸಾರ್ಥಕ ಆದದ್ದು ಅದೇ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ 6ರಿಂದ 8ನೇ ತರಗತಿಗೆ ಬ್ಯಾಗಿಲ್ಲದ ಹತ್ತು ದಿನ, ಕುಶಲಕರ್ಮಿಗಳ ಹತ್ತಿರ ಕಲಿಕೆ ಅಂತಿದೆ. ಒಳ್ಳೆಯದೇ. ಹತ್ತು ದಿನದಲ್ಲಿ ಉಳಿಗೆ ಸಾಣೆ ಹಿಡಿಯುವಷ್ಟು ಕಲಿಯಬಹುದು, ಅಷ್ಟೆ.

ಮೂಲೆ ಲಂಬಕೋನದಲ್ಲಿದೆಯಾ ಅಂತ ನೋಡುವ ಮೂಲೆಮಟ್ಟ ಎರಡೇ ಸಾಕು, ಅಳತೆಪಟ್ಟಿಯಲ್ಲೂ ನೋಡಬಹುದು. ಒಬ್ಬ ಹುಡುಗಿ ಓಲಾಡುತ್ತಿದ್ದ ಡೆಸ್ಕಿನ ಮೂಲೆಯಿಂದ ಒಂದು ಅಂಚಿಗೆ 30 ಸೆಂಟಿಮೀಟರ್, ಇನ್ನೊಂದಕ್ಕೆ 40 ಸೆಂಟಿಮೀಟರ್ ಗುರುತು ಹಾಕಿ ಅಡ್ಡಕ್ಕೆ ಅಳೆದಳು. ಮೂಲೆ ಸರಿಯಿದ್ದರೆ ಐವತ್ತು ಬರಬೇಕು. "ಸಾರ್, ಐವತ್ತು ಬರ್ತಿಲ್ಲ, ಕಮ್ಮಿ ಇದೆ" ಅಂದಳು. ಪೈಥಾಗೊರಸ್ ಪ್ರಮೇಯ ಅಂತ ನಾನು ಹೇಳುವ ಮೊದಲೇ ಡೆಸ್ಕನ್ನು ಎಳೆದು ಸರಿ ಮಾಡುತ್ತಿದ್ದರು.

ನಮ್ಮ ಕಡೆ ಪಂಪ್‌ಸೆಟ್ ಮೋಟಾರ್ ಸುಟ್ಟರೆ, ಆಲೆಮನೆಯ ಗಾಣ ನಿಂತರೆ ರಿಪೇರಿಯವನಿಗೆ ಕಾಯುತ್ತಾರೆ. ಅದೇ ಜನ ಐಟಿಐ ಅಂದರೆ ಮೂಗು ಮುರಿಯುತ್ತಾರೆ. ನನಗಂತೂ ಅರ್ಥ ಆಗಲ್ಲ.

ದುಡ್ಡು ಕಮ್ಮಿ ಇದ್ದರೆ ವೈಸ್, ಸಾಣೆಕಲ್ಲು, ಕಣ್ಣು ಕಾಯುವ ಕನ್ನಡಕ, ಆಚಾರಿಯ ಕೂಲಿ, ಇಷ್ಟರಿಂದ ಶುರು ಮಾಡಿ. ಕರೆಂಟಿನ ಡ್ರಿಲ್ ಆಮೇಲೆ ನೋಡಿಕೊಳ್ಳಬಹುದು. ಮರ ಹೆರೆದು ನಯ ಮಾಡುವ ಉಜ್ಜುಗೊರಡು ಮಾತ್ರ ಚಿಕ್ಕದೇ ತನ್ನಿ. ನಮ್ಮದು ದೊಡ್ಡದು, ಅದರ ಭಾರಕ್ಕೆ ಮಕ್ಕಳ ಕೈ ಸೋಲುತ್ತದೆ.