ಗೇಟಿಗೆ ಬ್ಯಾಂಕ್ ನೋಟಿಸ್ ಬಿದ್ದಾಗ ಬಾಡಿಗೆ ಯಾರಿಗೆ ಕಟ್ಟೋದು? ಉಚಿತ ಕಾನೂನು ನೆರವು ಕೇಂದ್ರಕ್ಕೆ ನನ್ನ ಕಡೆಯಿಂದ 5ಕ್ಕೆ 4

ಬೆಂಗಳೂರಿನ ಒಂದು ಕೋರ್ಟ್ ಆವರಣದಲ್ಲಿರುವ ಉಚಿತ ಕಾನೂನು ನೆರವು ಕೇಂದ್ರದ ಬಗ್ಗೆ ಬರೆಯುತ್ತಿದ್ದೇನೆ. ಹೋಟೆಲ್, ಮಿಕ್ಸಿ, ಮೊಬೈಲ್ ಬಗ್ಗೆ ಎಲ್ಲರೂ ಬರೆಯುತ್ತಾರೆ, ಇದರ ಬಗ್ಗೆ ಬರೆಯುವವರು ಕಡಿಮೆ. ನನಗೆ ಮಾತ್ರ ಈ ವರ್ಷ ಇದರಷ್ಟು ಉಪಯೋಗಕ್ಕೆ ಬಂದದ್ದು ಬೇರೆ ಯಾವುದೂ ಇಲ್ಲ.

ನಾವಿದ್ದದ್ದು ಮೊದಲನೇ ಮಹಡಿಯಲ್ಲಿ. ಬಾಡಿಗೆ 15,000, ಅಡ್ವಾನ್ಸ್ ಒಂದೂವರೆ ಲಕ್ಷ. ಕೆಳಗಿನ ಮನೆಯ ಅಕ್ಕನವರದು ಲೀಸ್, ಅಂದರೆ ಭೋಗ್ಯ. 12 ಲಕ್ಷ ಒಟ್ಟಿಗೆ ಕೊಟ್ಟು ತಿಂಗಳ ಬಾಡಿಗೆ ಇಲ್ಲದೆ ಇದ್ದರು. ಒಂದು ಶನಿವಾರ ಕೆಲಸ ಮುಗಿಸಿ ಬಂದರೆ ಗೇಟಿನ ಪಕ್ಕ, ಕರೆಂಟ್ ಮೀಟರ್ ಹತ್ತಿರ, ಬ್ಯಾಂಕಿನವರು ಒಂದು ಹಾಳೆ ಅಂಟಿಸಿ ಹೋಗಿದ್ದಾರೆ. ಪೂರ್ತಿ ಇಂಗ್ಲಿಷ್. ಓನರ್ ಹೆಸರು, ಸಾಲದ ಮೊತ್ತ, ಆಸ್ತಿಯನ್ನು ಬ್ಯಾಂಕ್ ಸ್ವಾಧೀನಕ್ಕೆ ತೆಗೆದುಕೊಂಡಿದೆ ಅಂತ ಒಂದು ಸಾಲು. ಕೊನೆಯಲ್ಲಿ, ಈ ಆಸ್ತಿಯ ವಿಷಯದಲ್ಲಿ ಯಾರೂ ವ್ಯವಹಾರ ಮಾಡಬಾರದು ಅನ್ನುವ ಎಚ್ಚರಿಕೆ.

ಆ ಕೊನೆಯ ಸಾಲೇ ನಮ್ಮನ್ನು ಗೊಂದಲಕ್ಕೆ ಹಾಕಿದ್ದು. ಪಕ್ಕದ ಮನೆಯವರು, "ವ್ಯವಹಾರ ಮಾಡಬಾರದು ಅಂತ ಬ್ಯಾಂಕೇ ಹೇಳಿದೆ, ಬಾಡಿಗೆ ನಿಲ್ಲಿಸಿಬಿಡಿ" ಅಂದರು. ಓನರ್ ಅಂಕಲ್ ಫೋನ್ ಮಾಡಿ, "ಏನೂ ಆಗಲ್ಲಮ್ಮ, ಇನ್ಮೇಲೆ ಬಾಡಿಗೆ ಕ್ಯಾಶ್‌ನಲ್ಲೇ ಕೊಡಿ" ಅಂದರು. ಎರಡು ದಿನ ಬಿಟ್ಟು ಒಬ್ಬ ವ್ಯಕ್ತಿ ಬಂದು, ತಾನು ಬ್ಯಾಂಕ್ ಕಡೆಯವನು, ಮುಂದಿನ ತಿಂಗಳಿಂದ ತನ್ನ ನಂಬರ್‌ಗೇ ಹಾಕಿ ಅಂದ. ಮೂರು ಜನ, ಮೂರು ಮಾತು. ರಾತ್ರಿ ನಿದ್ದೆ ಬರಲಿಲ್ಲ.

ಮೊದಲು ಒಂದು ಆ್ಯಪ್‌ನಲ್ಲಿ 1,499 ರೂಪಾಯಿ ಕಟ್ಟಿ ವಕೀಲರ ಜೊತೆ ಮಾತಾಡಿದೆ. ಅವರೂ ಬಾಡಿಗೆ ನಿಲ್ಲಿಸಿ ಅಂದರು. ಆಮೇಲೆ ಕಳಿಸಿದ ಡ್ರಾಫ್ಟ್‌ನಲ್ಲಿ ಬೇರೆ ಯಾವುದೋ ರಾಜ್ಯದ ಬಾಡಿಗೆ ಕಾಯ್ದೆಯ ಹೆಸರಿತ್ತು. ಆ ದುಡ್ಡು ಹೋಯಿತು. ಕೊನೆಗೆ ಜೊತೆಯಲ್ಲಿ ಕೆಲಸ ಮಾಡುವವರು 15100 ನಂಬರ್ ಕೊಟ್ಟರು. ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಲ್ಲಿ ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು ಸಿಗುತ್ತಾರೆ ಅಂತ ನನಗೆ ಆವತ್ತಿನವರೆಗೂ ಗೊತ್ತಿರಲಿಲ್ಲ. ಬಡವರಿಗೆ ಮಾತ್ರ ಅಂದುಕೊಂಡಿದ್ದೆ.

ಕೇಂದ್ರಕ್ಕೆ ಹೋದ ದಿನ ಎರಡು ಗಂಟೆಗಿಂತ ಜಾಸ್ತಿ ಕಾದೆ. ಆಮೇಲೆ ಸಿಕ್ಕಿದ ವಕೀಲ ಮೇಡಂ ಮಾತ್ರ ನನ್ನ ಒಂದೊಂದು ಕಾಗದವನ್ನೂ ಓದಿದರು. ಎಲ್ಲವನ್ನೂ ಕನ್ನಡದಲ್ಲೇ ಹೇಳಿದರು. ಅವರು ಮೊದಲು ಹೇಳಿದ ಮಾತು, "ಬಾಡಿಗೆ ನಿಲ್ಲಿಸಬೇಡಿ."

ಆ ಎಚ್ಚರಿಕೆಯ ಸಾಲು ಇರುವುದು ಮನೆಯನ್ನು ಕೊಳ್ಳುವವರಿಗೆ, ಅಡ ಇಟ್ಟುಕೊಳ್ಳುವವರಿಗೆ. ಮೊದಲಿಂದ ಇರುವ ಬಾಡಿಗೆದಾರರ ಬಾಡಿಗೆ ಅದರಿಂದ ರದ್ದಾಗಲ್ಲ. ಬ್ಯಾಂಕ್ ನಡೆದುಕೊಳ್ಳುತ್ತಿರುವುದು 2002ರ ಸರ್ಫೇಸಿ ಕಾಯ್ದೆಯ ಪ್ರಕಾರ. ಮೊದಲು ಸಾಲಗಾರರಿಗೆ 60 ದಿನದ ನೋಟಿಸ್, ಅದಕ್ಕೂ ಕಟ್ಟದಿದ್ದರೆ ಸ್ವಾಧೀನದ ನೋಟಿಸ್, ಅದನ್ನೇ ಬಾಗಿಲಿಗೆ ಅಂಟಿಸೋದು, ಏಳು ದಿನದೊಳಗೆ ಎರಡು ಪತ್ರಿಕೆಯಲ್ಲಿ ಹಾಕಿಸೋದು, ಆಮೇಲೆ ಹರಾಜು. ಇಷ್ಟು ನಡೆಯುವಾಗಲೂ ನಾವು ಮನೆಯಲ್ಲಿದ್ದೇವೆ, ನೀರು ಬಳಸುತ್ತೇವೆ, ಹಾಗಾಗಿ ಬಾಡಿಗೆ ಕೊಡಲೇಬೇಕು. ನಿಲ್ಲಿಸಿದರೆ ಬಾಕಿ ಇಟ್ಟವರು ಅಂತ ಖಾಲಿ ಮಾಡಿಸೋದು ಸುಲಭ. ಜೊತೆಗೆ, ನಾವು ನಿಜವಾದ ಬಾಡಿಗೆದಾರರು ಅಂತ ತೋರಿಸಲು ಇರುವ ಗಟ್ಟಿ ಸಾಕ್ಷಿಯೇ ಬಾಡಿಗೆ ಕಟ್ಟಿದ ದಾಖಲೆ. ಅದನ್ನು ನಾವೇ ಕೈಯಾರೆ ನಿಲ್ಲಿಸಿಕೊಳ್ಳೋದು ಸರಿಯಲ್ಲ ಅಲ್ವಾ?

ಇನ್ನು ಯಾರಿಗೆ ಕೊಡೋದು ಅನ್ನುವುದು. ಬ್ಯಾಂಕ್ ಲಿಖಿತವಾಗಿ ಕೇಳುವವರೆಗೂ ಓನರ್‌ಗೇ, ಆದರೆ ಅವರ ಖಾತೆಗೆ, ಕ್ಯಾಶ್ ಬೇಡವೇ ಬೇಡ. ಬ್ಯಾಂಕ್ ತನ್ನ ಲೆಟರ್‌ಹೆಡ್‌ನಲ್ಲಿ ಬಾಡಿಗೆ ನಮಗೆ ಕಟ್ಟಿ ಅಂತ ಬರೆದು ಕೊಟ್ಟರೆ ಆವತ್ತಿಂದ ಬ್ಯಾಂಕಿಗೆ. ಹಾಗೆ ಕಟ್ಟಿದ್ದು ಓನರ್‌ಗೆ ಕಟ್ಟಿದಷ್ಟೇ ಸರಿ ಅಂತ ಕಾಯ್ದೆಯ 13ನೇ ಕಲಮಿನಲ್ಲೇ ಇದೆ, ಆಮೇಲೆ ಓನರ್ ಬಂದು ನನಗೂ ಕೊಡಿ ಅನ್ನುವ ಹಾಗಿಲ್ಲ. ಬಾಗಿಲಿಗೆ ಬಂದ ಯಾರದೋ ಮೊಬೈಲ್ ನಂಬರ್‌ಗೆ ಒಂದು ರೂಪಾಯಿಯೂ ಹಾಕಬಾರದು. ಹರಾಜಾಗಿ ಹೊಸ ಮಾಲೀಕರು ಬಂದರೆ, ಅದು ಗೊತ್ತಾದ ಮೇಲಿನ ಬಾಡಿಗೆ ಅವರದು. ಗೊತ್ತಿಲ್ಲದೆ ಹಳೆಯವರಿಗೆ ಕಟ್ಟಿದ್ದನ್ನು ಮತ್ತೆ ವಸೂಲಿ ಮಾಡುವಂತಿಲ್ಲ. ಇದು ಆಸ್ತಿ ವರ್ಗಾವಣೆ ಕಾಯ್ದೆಯ 109ನೇ ಕಲಂ ಅಂತೆ. ಕರ್ನಾಟಕದ 1999ರ ಬಾಡಿಗೆ ಕಾಯ್ದೆ ನನಗೆ ಅನ್ವಯ ಆಗಲ್ಲ ಅಂತಲೂ ಹೇಳಿದರು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆ ಅದರ ಹೊರಗೆ. ಈಗ ಆ ಬಾಡಿಗೆಗೆ ಒಂದು ರೂಮಾದರೂ ಎಲ್ಲಿ ಸಿಗುತ್ತದೆ?

ಆವತ್ತೇ ಮೇಡಂ ಎರಡು ಪತ್ರ ಬರೆದುಕೊಟ್ಟರು. ಒಂದು ಬ್ಯಾಂಕಿಗೆ: ನಾನು ಇಂಥ ದಿನದಿಂದ ಬಾಡಿಗೆದಾರಳು, ಬಾಡಿಗೆ ಇಷ್ಟು, ಯಾರಿಗೆ ಕಟ್ಟಬೇಕು ಅಂತ ಲಿಖಿತವಾಗಿ ತಿಳಿಸಿ. ಇನ್ನೊಂದು ಓನರ್‌ಗೆ: ಅಡ್ವಾನ್ಸ್‌ನಲ್ಲಿ ಬಾಡಿಗೆ ಮುರಿದುಕೊಳ್ಳಲು ಒಪ್ಪಿಗೆ ಕೊಡಿ. ಈ ಎರಡನೆಯದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಮನೆ ಹರಾಜಾದರೆ ಕೊಂಡವರು ಅಡ್ವಾನ್ಸ್ ನಾವು ಪಡೆದಿಲ್ಲ ಅಂದುಬಿಡುತ್ತಾರೆ, ಓನರ್ ಕೈಯಲ್ಲಿ ಆಗ ದುಡ್ಡಿರಲ್ಲ. ಅಂಕಲ್ ಸ್ವಲ್ಪ ಬೇಜಾರು ಮಾಡಿಕೊಂಡರೂ ವಾಟ್ಸಾಪ್‌ನಲ್ಲಿ ಸರಿ ಅಂತ ಬರೆದರು. ಬ್ಯಾಂಕ್ ಉತ್ತರ ಕೊಡಲು ಮೂರು ತಿಂಗಳು ತೆಗೆದುಕೊಂಡಿತು, ಅಷ್ಟರಲ್ಲಿ 45,000 ಅಡ್ವಾನ್ಸ್‌ನಲ್ಲಿ ಕಳೆಯಿತು. ಪತ್ರ ಬಂದ ಮೇಲೆ ಮುರಿದುಕೊಳ್ಳೋದು ನಿಲ್ಲಿಸಿ ಎರಡು ತಿಂಗಳ ಬಾಡಿಗೆಯನ್ನು ಅವರು ಕೊಟ್ಟ ಸಾಲದ ಖಾತೆಗೇ ಕಟ್ಟಿ, ರಸೀದಿ ಇಟ್ಟುಕೊಂಡು, ಮನೆ ಬದಲಾಯಿಸಿದೆವು. ಉಳಿದ 1,05,000ಕ್ಕೆ ಕೇಂದ್ರದಿಂದಲೇ ಓನರ್‌ಗೆ ನೋಟಿಸ್ ಹೋಯಿತು. 60,000 ಬಂದಿದೆ. 45,000 ಇನ್ನೂ ಬರಬೇಕು.

ಕೆಳಗಿನ ಅಕ್ಕನ ಕಥೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಹಿಂಡುತ್ತದೆ. ಅವರನ್ನೂ ನಾನೇ ಕರೆದುಕೊಂಡು ಹೋದೆ. ತಿಂಗಳ ಬಾಡಿಗೆಯೇ ಇಲ್ಲ, ಹಾಗಾಗಿ ರಸೀದಿಯೂ ಇಲ್ಲ. ಕರಾರು ಪತ್ರ ಸ್ಟಾಂಪ್ ಪೇಪರ್‌ನಲ್ಲಿದೆ, ರಿಜಿಸ್ಟರ್ ಆಗಿಲ್ಲ. 12 ಲಕ್ಷದಲ್ಲಿ 4 ಲಕ್ಷ ಕ್ಯಾಶ್. ಮೇಡಂ ಆ ಮನೆಯ ಇ.ಸಿ, ಅಂದರೆ ಆಸ್ತಿಯ ಮೇಲೆ ಅಡಮಾನ ಇದೆಯಾ ಅಂತ ತೋರಿಸುವ ಋಣಭಾರ ಪತ್ರ, ತೆಗೆಸಿದರೆ, ಲೀಸ್ ಆಗುವುದಕ್ಕೆ ಎರಡು ವರ್ಷ ಮೊದಲೇ ಬ್ಯಾಂಕಿನ ಅಡಮಾನ ಅದರಲ್ಲಿ ಕೂತಿದೆ. ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟ್‌ನಲ್ಲಿ ಮೊದಲೇ ನೋಡಿದ್ದರೆ ಕಾಣುತ್ತಿತ್ತು. ಅಕ್ಕ ಅಲ್ಲೇ ಅತ್ತುಬಿಟ್ಟರು. ಅವರ ಮಗಳ ಮದುವೆಗೆ ಅಂತ ಕೂಡಿಟ್ಟ ದುಡ್ಡು ಅದು.

ಇಲ್ಲಿ ನನಗೆ ಹಿಡಿಸಿದ್ದು, ಮೇಡಂ ಸುಮ್ನೆ ಆಸೆ ಹುಟ್ಟಿಸಲಿಲ್ಲ. ನೋಟಿಸ್ ಅಂಟಿಸಿದ 45 ದಿನದೊಳಗೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು, ಬಾಡಿಗೆ ಮತ್ತು ಲೀಸ್ ಹಕ್ಕನ್ನು ಅದೂ ವಿಚಾರಿಸಬೇಕು ಅಂತ 2016ರಲ್ಲಿ ತಿದ್ದುಪಡಿ ಆಗಿದೆ, ಅರ್ಜಿ ಹಾಕೋಣ. ಆದರೆ ಬ್ಯಾಂಕಿನ ಅಡಮಾನ ಮೊದಲಿಂದ ಇದೆ, ನಿಮ್ಮ ಕರಾರು ರಿಜಿಸ್ಟರ್ ಆಗಿಲ್ಲ, ಆ ಮನೆಯಲ್ಲೇ ಉಳಿಯೋದು ಕಷ್ಟ. ದುಡ್ಡಿಗೆ ಓನರ್ ಮೇಲೆ ಸಿವಿಲ್ ದಾವೆ ಹಾಕಲೇಬೇಕು. ಹೀಗೆ ನೇರವಾಗಿ ಹೇಳಿದರು. ನ್ಯಾಯಮಂಡಳಿಗೂ ಕೇಂದ್ರದಿಂದಲೇ ವಕೀಲರನ್ನು ಕೊಟ್ಟರು, ಒಂದು ಪೈಸೆ ಕೇಳಲಿಲ್ಲ. 39ನೇ ದಿನ ಅರ್ಜಿ ಬಿತ್ತು.

ಒಂದು ಅಂಕ ಕಡಿಮೆ ಕೊಟ್ಟದ್ದು ಕಾಯುವಿಕೆಗೆ, ಮತ್ತೆ ಅಕ್ಕನ ಕೇಸಿನಲ್ಲಿ ಮಧ್ಯದಲ್ಲಿ ವಕೀಲರು ಬದಲಾಗಿದ್ದಕ್ಕೆ. ಹೊಸಬರಿಗೆ ಮೊದಲಿಂದ ಎಲ್ಲ ಹೇಳಬೇಕಾಯಿತು, ಅದರಲ್ಲಿ ಹತ್ತು ದಿನ ಹೋಯಿತು. 45 ದಿನದ ಗಡುವು ಇರುವಾಗ ಹತ್ತು ದಿನ ಸಣ್ಣದಲ್ಲ. ಇಂಥ ಅರ್ಜಿಗಳನ್ನು ಮೇಲೆ ಇಡುವ ಒಂದು ವ್ಯವಸ್ಥೆ ಇದ್ದರೆ ಚೆನ್ನಾಗಿತ್ತು. ಅಲ್ಲಿನ ಗುಮಾಸ್ತರಿಗೂ ಇದನ್ನೇ ಬರೆದುಕೊಟ್ಟು ಬಂದಿದ್ದೇನೆ.

ಹೋಗುವವರು ಬಾಡಿಗೆ ಕರಾರು, ಕನಿಷ್ಠ ಒಂದು ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್, ಕರೆಂಟ್ ಬಿಲ್, ಆಧಾರ್, ಗೇಟಿಗೆ ಅಂಟಿಸಿದ ನೋಟಿಸಿನ ಫೋಟೊ, ಓನರ್ ಜೊತೆಗಿನ ವಾಟ್ಸಾಪ್ ಮಾತುಕತೆಯ ಪ್ರಿಂಟ್, ಇಷ್ಟನ್ನೂ ಎರಡೆರಡು ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ನೋಟಿಸಿನ ಫೋಟೊ ಆವತ್ತೇ ತೆಗೆದುಕೊಳ್ಳಿ, ನಮ್ಮ ಗೇಟಿನದು ಮೂರನೇ ದಿನಕ್ಕೆ ಮಳೆಗೆ ಕಿತ್ತುಹೋಗಿತ್ತು. ಬೆಳಗ್ಗೆ ಹತ್ತೂವರೆಗೆ ಅಲ್ಲಿದ್ದರೆ ಊಟದ ಹೊತ್ತಿಗೆ ಕೆಲಸ ಮುಗಿಯುತ್ತದೆ.