ಲ್ಯಾಪ್‌ಟಾಪ್ ಗ್ರಾಫಿಕ್ಸ್ ಕಾರ್ಡ್: ಓವರ್‌ಕ್ಲಾಕಾ, ಅಂಡರ್‌ವೋಲ್ಟಾ?

ಎರಡಕ್ಕೂ ಉಚಿತವಾಗಿ ಸಿಗುವ ಎಂಎಸ್‌ಐ ಕಂಪನಿಯ ಆಫ್ಟರ್‌ಬರ್ನರ್ ಎಂಬ ಸಾಫ್ಟ್‌ವೇರ್ ಸಾಕು. ಬೇರೆ ಕಂಪನಿಯ ಲ್ಯಾಪ್‌ಟಾಪ್‌ನಲ್ಲೂ ನಡೆಯುತ್ತದೆ.

ಓವರ್‌ಕ್ಲಾಕ್ ಅಂದರೆ ಕಾರ್ಡಿನ ವೇಗವನ್ನು ಕಂಪನಿ ಇಟ್ಟ ಮಟ್ಟಕ್ಕಿಂತ ಏರಿಸುವುದು. ಕಲಿಯುವುದು ಸುಲಭ. ಕೋರ್ ಕ್ಲಾಕ್ (ಕಾರ್ಡಿನ ಮುಖ್ಯ ಚಿಪ್‌ನ ವೇಗ) 25 ಮೆಗಾಹರ್ಟ್ಸ್ ಏರಿಸಿ, ಅರ್ಧ ಗಂಟೆ ಗೇಮ್ ಆಡಿ, ಮತ್ತೆ ಏರಿಸಿ. ಪರದೆಯಲ್ಲಿ ಚುಕ್ಕೆ ಕಂಡರೆ ಒಂದು ಹೆಜ್ಜೆ ಹಿಂದೆ ಬನ್ನಿ. ಆದರೆ ಲ್ಯಾಪ್‌ಟಾಪ್‌ನಲ್ಲಿ ಕಾರ್ಡಿಗೆ ಸಿಗುವ ವ್ಯಾಟ್‌ಗೇ ಮಿತಿ ಇದೆ, ಫ್ಯಾನ್‌ಗಳೂ ಚಿಕ್ಕವು. ಬಿಸಿ ಜಾಸ್ತಿಯಾದರೆ ಕಾರ್ಡ್ ತಾನೇ ವೇಗ ಇಳಿಸುತ್ತದೆ. ಪಟ್ಟ ಕಷ್ಟವೆಲ್ಲ ಸುಮ್ನೆ ಹೋಯಿತು, ಅಲ್ವಾ?

ಅಂಡರ್‌ವೋಲ್ಟ್ ಅಂದರೆ ಅದೇ ವೇಗ, ಕಡಿಮೆ ವೋಲ್ಟೇಜ್. ಆಫ್ಟರ್‌ಬರ್ನರ್‌ನ ಕರ್ವ್ ಎಡಿಟರ್ (ಯಾವ ವೋಲ್ಟೇಜ್‌ಗೆ ಎಷ್ಟು ವೇಗ ಎಂದು ಹೊಂದಿಸುವ ಗ್ರಾಫ್) ರೂಢಿಯಾಗಲು ಒಂದು ಸಂಜೆ ಬೇಕು. ಬಿಸಿಯೂ ಫ್ಯಾನ್ ಸದ್ದೂ ತಗ್ಗುತ್ತವೆ. ವ್ಯಾಟ್ ಉಳಿಯುವುದರಿಂದ ಎಷ್ಟೋ ಸಲ ವೇಗವೂ ಏರುತ್ತದೆ.

ಗೇಮ್ ಆಡುವಾಗ ಈಗಾಗಲೇ 85 ಡಿಗ್ರಿ ಮುಟ್ಟುತ್ತಿದ್ದರೆ ಅಂಡರ್‌ವೋಲ್ಟ್ ಮಾಡಿ. 70ರ ಆಸುಪಾಸಿನಲ್ಲಿದ್ದರೆ ಓವರ್‌ಕ್ಲಾಕ್ ಪ್ರಯತ್ನಿಸಿ.